ಮಲಗಿದ್ದ ಕಲ್ಲು

ಪೋಸ್ಟ್ ಕಾರ್ಡು ನಿನ್ನೆ ಬಿರುಕಿನೊಳಗೆ ಅರ್ಧದವರೆಗೆ ಹೋಗಿತ್ತು. ಇವತ್ತು ಪೂರ್ತಿ ಹೋಗಿ, ಶ್ರೀಧರನ ಎರಡು ಬೆರಳುಗಳ ನಡುವೆ ಉಗುರಿನಷ್ಟು ಅಂಚು ಮಾತ್ರ ಉಳಿಯಿತು. ಅವನು ಅದನ್ನು ತಟ್ಟನೆ ಹೊರಗೆಳೆದು ಜೇಬಿಗಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕತ್ತು ಓರೆಮಾಡಿ ಕಲ್ಲನ್ನು ನೋಡುತ್ತ ನಿಂತ. ನೋಡಿದವರಿಗೆ, ಶಿಲ್ಪ ಮಾಡಿದವನು ತನ್ನ ಶಿಲ್ಪದ ಚಂದ ನೋಡುತ್ತಿದ್ದಾನೆ ಅನ್ನಿಸಬೇಕು. ಬೆಳಗಿನ ಏಳೂವರೆಗೆ ನವನಗರದ ಆ ಸರ್ಕಲ್ಲಿನಲ್ಲಿ ನೋಡುವವರಾದರೂ ಯಾರಿದ್ದರು? ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹೋದ, ಅವನ ಹಿಂದೆ ಒಂದು ನಾಯಿ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಶ್ರೀಧರನ ಕೈ ಹೆಗಲಿಗೆ ಹೋಗುತ್ತಿತ್ತು. ಮೂರು ವಾರದಿಂದ ಇದೇ ಆಗಿತ್ತು. ಶಾಲೆಗೆ ಹೋಗುವ ಮುಂಚೆ ಇಲ್ಲಿಗೆ ಬರುವುದು, ಆ ಕಡೆ ಈ ಕಡೆ ನೋಡಿ ಬಿರುಕಿನಲ್ಲಿ ಕಾರ್ಡು ತೂರಿಸುವುದು, ಮನೆಗೆ ಹೋಗಿ ಹೆಂಡತಿ ಬನಶಂಕರಿಗೆ ವಾಕಿಂಗ್ ಹೋಗಿದ್ದೆ ಎನ್ನುವುದು. ಗಂಡನ ಹೊಟ್ಟೆ ಕರಗುತ್ತದೆಂದು ಅವಳಿಗೂ ಸಂತೋಷವೇ.

ಎರಡಾಳೆತ್ತರದ ಕಲ್ಲು. ಬಾದಾಮಿ ಕಡೆಯ ಗುಡ್ಡದ ಕೆಂಪು ಮರಳುಗಲ್ಲು. ಕೆಂಪಿನ ನಡುವೆ ಬಿಳಿ, ಬಿಳಿಯ ಪಕ್ಕದಲ್ಲಿ ಕಾವಿ, ಹೀಗೆ ಮೈತುಂಬ ಗೆರೆಗಳು ನೆಲದಿಂದ ಮೇಲಕ್ಕೆ ನೆಟ್ಟಗೆ ಏರಿದ್ದವು. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ. ಗಾಳಿಗೆ ಒಂದು ಕಡೆ ಉಬ್ಬಿದ ಬಟ್ಟೆಯ ಹಾಗೆ ನಡು ಬಾಗಿತ್ತು, ಎದೆಮಟ್ಟದಲ್ಲಿ ಒಂದು ಉದ್ದನೆಯ ತೂತಿತ್ತು. ಕೆಳಗೆ ಕರಿ ಫಲಕದ ಮೇಲೆ ‘ಎಳೆ’ ಎಂದು ಅದರ ಹೆಸರು, ಅದರಡಿ ಶ್ರೀಧರನ ಹೆಸರು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೆಲ್ಲ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಮಂದಿ ಇಲ್ಲಿ ಸೆಕ್ಟರ್ ನಂಬರಿನ ಮನೆಗಳಿಗೆ ಬಂದು ಕೂತ ಹೊಸದರಲ್ಲಿ, ಸರ್ಕಲ್ಲಿಗೆ ಏನಾದರೊಂದು ಬೇಕೆಂದಾಯಿತು. ಯಾವ ಮಹಾಪುರುಷನನ್ನು ನಿಲ್ಲಿಸಿದರೂ ಮತ್ತೊಬ್ಬ ಮಹಾಪುರುಷನ ಕಡೆಯವರಿಗೆ ಸಿಟ್ಟು ಬರುತ್ತದೆಂದು ಹೆದರಿದ ಅಧಿಕಾರಿಗಳು, ಯಾರ ಮುಖವೂ ಇಲ್ಲದ ಇದನ್ನು ಖುಷಿಯಿಂದ ಒಪ್ಪಿಕೊಂಡರು. ಮಂದಿ ಮೊದಲು ಅದನ್ನು ಹಪ್ಪಳ ಎಂದರು. ಹಪ್ಪಳದ ಸರ್ಕಲ್ಲಿನಲ್ಲಿ ಇಳಿಸು ಎಂದು ಆಟೋದವನಿಗೆ ಹೇಳುವುದನ್ನು ಶ್ರೀಧರ ತನ್ನ ಕಿವಿಯಾರೆ ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಬಿಸಿಲು ಏರಿದ ಮೇಲೆ ಹೆಸರು ತಾನಾಗಿಯೇ ಬದಲಾಯಿತು. ಹೊಸ ಊರಿನ ಗಿಡಗಳಿನ್ನೂ ಮೊಣಕಾಲೆತ್ತರ; ಇಡೀ ಸರ್ಕಲ್ಲಿನಲ್ಲಿ ನೆರಳೆಂದರೆ ಈ ಕಲ್ಲಿನದೊಂದೇ. ಬಸ್ಸಿಗೆ ಕಾಯುವವರು, ಬಿಸಿಲಿಗೆ ಕಂಗೆಟ್ಟ ಗಾರೆ ಕೆಲಸದವರು, ದವಾಖಾನೆಗೆ ಬಂದ ಬಸುರಿಯರು ಎಲ್ಲ ಅದರ ಬುಡಕ್ಕೆ ಬಂದು ಕೂತರು. ನೆರಳುಗಲ್ಲು ಎಂದರು. ಇದಕ್ಕೂ ಶ್ರೀಧರನಿಗೆ ಬೇಸರವೇ ಆಗಿತ್ತು. ತಾನು ಕಲ್ಲಿನಲ್ಲಿ ಏನೋ ಹೇಳಿದ್ದೇನೆ, ಇವರು ಅದರ ಕೆಳಗೆ ಕೂತು ಸೌತೆಕಾಯಿ ತಿನ್ನುತ್ತಾರೆ ಎಂದು.

ಸೌತೆಕಾಯಿಯ ಅಬೇದಾ ಅಷ್ಟರಲ್ಲಿ ಬುಟ್ಟಿ ಹೊತ್ತು ಬಂದೇಬಿಟ್ಟಳು. ಐವತ್ತರ ಆಚೀಚಿನ ಹೆಂಗಸು. ಬೆಳಿಗ್ಗೆ ಕಲ್ಲಿನ ಪಡುವಣ ಮಗ್ಗುಲಿಗೆ ಕೂತವಳು ನೆರಳು ಸರಿದಂತೆಲ್ಲ ಬುಟ್ಟಿಯನ್ನೂ ಸರಿಸುತ್ತ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೂಡಣ ಮಗ್ಗುಲಿಗೆ ಬಂದಿರುತ್ತಿದ್ದಳು. ಬಿರುಕು ಬಿಟ್ಟಿದ್ದದ್ದು ಆ ಮೂಡಣ ಮಗ್ಗುಲು. ಹೊರಮೈಯ ಗೇಣುದಪ್ಪದ ಒಂದು ಪದರು ಉಳಿದ ಕಲ್ಲನ್ನು ಬಿಟ್ಟು ಏಳುತ್ತಿತ್ತು, ಹಳೆಯ ಪುಸ್ತಕದ ರಟ್ಟು ಅಂಟು ಬಿಡುವ ಹಾಗೆ. ಅದು ಕಳಚಿದರೆ ಬೀಳುವುದು ಮಧ್ಯಾಹ್ನ ಮಂದಿ ಕೂಡುವ ಜಾಗದ ಮೇಲೆಯೇ. ಇದನ್ನು ಲೆಕ್ಕಹಾಕಲು ಎಂಜಿನಿಯರಿಂಗ್ ಓದಬೇಕಿರಲಿಲ್ಲ. ಅಬೇದಾ ನಮಸ್ಕಾರ ಎಂದಳು. ಶ್ರೀಧರ ತಲೆಯಾಡಿಸಿ, ಇವತ್ತು ಬಿಸಿಲು ಜೋರಿರುವಂತಿದೆ ಎಂದ. ನಿಮ್ಮ ಪುಣ್ಯದಿಂದ ನೆರಳಿದೆಯಲ್ಲ ಎಂದಳು ಅವಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ವಿದ್ಯಾಗಿರಿಯ ಹೈಸ್ಕೂಲಿನಲ್ಲಿ ಅವತ್ತು ಎಂಟನೆಯ ಇಯತ್ತೆಯ ಚಿತ್ರಕಲೆಯ ಪರೀಕ್ಷೆ. ಹದಿನೆಂಟು ವರ್ಷದಿಂದ ಅವನು ಅಲ್ಲಿಯ ಡ್ರಾಯಿಂಗ್ ಮಾಸ್ತರ. ಹೂದಾನಿ, ಕೊಡ, ಕೊಡದ ಪಕ್ಕದಲ್ಲಿ ಎರಡು ಈರುಳ್ಳಿ ಬರೆಸಿ ಬರೆಸಿ ಬದುಕು ಸವೆಯಿತು ಎಂದು ತನ್ನ ಮೇಲೆ ತಾನೇ ಮರುಗುವ ಚಟವೂ ಇತ್ತು. ಸ್ಮರಣ ಚಿತ್ರಕ್ಕೆ ‘ನಮ್ಮೂರ ಸರ್ಕಲ್’ ಎಂದು ವಿಷಯ ಕೊಟ್ಟವನೂ ಅವನೇ, ಬಿರುಕು ಕಾಣಿಸುವ ಮುಂಚೆ, ಸ್ವಲ್ಪ ಆಸೆಯಿಂದಲೇ ಕೊಟ್ಟಿದ್ದ. ಈಗ ಬೆಂಚುಗಳ ನಡುವೆ ತಿರುಗುತ್ತ ನೋಡಿದರೆ ಹನ್ನೊಂದು ಮಕ್ಕಳು ಅವನ ಕಲ್ಲನ್ನು ಬರೆಯುತ್ತಿದ್ದರು. ಎಲ್ಲರ ಹಾಳೆಯಲ್ಲೂ ಕಲ್ಲು ಬರೀ ಗೆರೆ. ಸುಶ್ಮಿತಾ ಎಂಬ ಹುಡುಗಿಯ ಹಾಳೆಯ ಮುಂದೆ ಅವನ ಕಾಲು ನಿಂತಿತು. ಅವಳು ಕಲ್ಲನ್ನು ನಾಲ್ಕು ಗೀಟಿನಲ್ಲಿ ಮುಗಿಸಿ, ಅದರ ಬುಡದಲ್ಲಿ ಕೂತ ಒಬ್ಬೊಬ್ಬರಿಗೂ ಕಣ್ಣು, ಮೂಗು, ಕೈಯಲ್ಲಿ ಚೀಲ, ತಲೆಗೆ ಕಟ್ಟಿದ ಟವೆಲು ಎಲ್ಲ ಬಿಡಿಸುತ್ತಿದ್ದಳು. ಒಬ್ಬ ಹೆಂಗಸಿನ ತೊಡೆಯ ಮೇಲೆ ಕೂಸು ಇತ್ತು. ಇನ್ನೂ ಇಬ್ಬರಿಗೆ ಜಾಗವಿದೆ ಎಂದು ಎಣಿಸಿಕೊಂಡು ಅಲ್ಲಿ ಹೊಸ ತಲೆಗಳ ದುಂಡು ಹಾಕಿದಳು. ಶ್ರೀಧರ ಕಿಟಕಿಯ ಹತ್ತಿರ ಹೋಗಿ ನಿಂತು ನೀರು ಕುಡಿದ.

ಬಿರುಕನ್ನು ಮೊದಲು ಬಾಯಿಬಿಟ್ಟು ಕೇಳಿದವನು ಕಲ್ಲು ಹಾಕಿಸಿದ ಕಚೇರಿಯ ಸಹಾಯಕ ಎಂಜಿನಿಯರ್ ಶಿರೀಷ; ಇನ್ನೂ ಮೂವತ್ತು ದಾಟದ, ಯಾರನ್ನೂ ನೋಯಿಸಬಾರದೆಂಬ ಹುಡುಗ. ಹತ್ತು ದಿನದ ಹಿಂದೆ ಪಾನ್ ಅಂಗಡಿಯ ಮುಂದೆ ಸಿಕ್ಕು, ನಿಮ್ಮ ಕಲ್ಲಿನಲ್ಲಿ ಕಾಣುತ್ತಿರುವುದು ಗೆರೆಯೋ ಬಿರುಕೋ ಎಂದು ನಗುತ್ತಲೇ ಕೇಳಿದ್ದ. ಶ್ರೀಧರ ಒಂದು ಉಸಿರಿನಷ್ಟೂ ತಡಮಾಡಲಿಲ್ಲ. ಕಲ್ಲನ್ನು ಕೂಡಿಸಿ ನಿಲ್ಲಿಸಿದ್ದರಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಎಂದುಬಿಟ್ಟ. ಆ ಮಾತು ಎಲ್ಲಿಂದ ಬಂತು, ಅಷ್ಟು ತಯಾರಾಗಿ ಬಾಯಲ್ಲಿ ಹೇಗೆ ಕೂತಿತ್ತು ಎಂದು ಅವನಿಗೇ ಆಮೇಲೆ ಆಶ್ಚರ್ಯವಾಯಿತು. ಹಾಗಾದರೆ ಬರೆದುಕೊಡಿ ಎಂದ ಶಿರೀಷ. ಬರೆಯುವುದಕ್ಕೆ ಕೂತ ಮೇಲೆ ಕೈ ಹಿಡಿಯುವವರಾರು? ‘ಸ್ಥಾಪನಾ ಕಾರ್ಯದಲ್ಲಿ ಕುಶಲತೆಯ ಕೊರತೆ ಎದ್ದು ಕಾಣುತ್ತಿದ್ದು’ ಎಂದು ಒಂದು ಸಾಲು ಬಂತು. ಅದರ ಗತ್ತು ಅವನಿಗೆ ಹಿಡಿಸಿತು, ಇನ್ನೊಮ್ಮೆ ಓದಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಅಂದರೆ ಇದೇ. ಕೂಡಿಸಿದವನು ಬಾಬಣ್ಣ. ಮತ್ತು ಕಲ್ಲು ಹೀಗೆ ಬಾಯಿ ಬಿಡುತ್ತದೆಂದು ಮೊದಲೇ ಹೇಳಿದವನೂ ಬಾಬಣ್ಣನೇ.

ಬಾಬಣ್ಣ ಮಹಾಕೂಟದ ಹಾದಿಯ ಒಂದು ಹಳ್ಳಿಯವನು, ಕಲ್ಲಿನ ಕೆಲಸದವನು, ಶ್ರೀಧರನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಸುತ್ತಲ ಹಳ್ಳಿಗಳಲ್ಲಿ ಯಾರು ಮನೆ ಕಟ್ಟಿದರೂ ಹೊಸ್ತಿಲು ಕೂಡಿಸಲು ಅವನೇ ಬರಬೇಕು. ಗುಡ್ಡದಿಂದ ಹಾಸುಗಲ್ಲು ಎಬ್ಬಿಸುವ ಮುಂಚೆ ಕಾವಿಯಲ್ಲಿ ಬೆರಳದ್ದಿ, ಕಲ್ಲಿನ ಮೇಲ್ಮೈಗೆ ಒಂದು ಗೀಟು ಎಳೆಯುತ್ತಿದ್ದ. ಅದು ಆಕಾಶ ನೋಡಿದ ಮೈ; ಆ ಕಲ್ಲು ಗೋಡೆಗೆ ಹೋಗಲಿ, ಹೊಸ್ತಿಲಿಗೆ ಹೋಗಲಿ, ಆ ಮೈ ಮೇಲಕ್ಕೇ ಇರಬೇಕು. ಹುಟ್ಟಿದಾಗಿನಿಂದ ಮಲಗಿದ ಕಲ್ಲನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಪದರಿನ ಸಂದಿಗೆ ಮಳೆ ಇಳಿಯುತ್ತದೆ, ಬಿಸಿಲು ಬಿಚ್ಚುತ್ತದೆ ಎನ್ನುತ್ತಿದ್ದ. ಶ್ರೀಧರ ಇಳಕಲ್ಲಿನವನು. ಅವನು ಕಣ್ಣು ಬಿಟ್ಟದ್ದೇ ಅಲ್ಲಿನ ಕೆಂಪು ಗ್ರಾನೈಟಿನ ನಡುವೆ, ಉಳಿ ಹಿಡಿದದ್ದೂ ಅದರ ಮೇಲೆಯೇ. ಅದಕ್ಕೆ ಪದರಿಲ್ಲ, ಮೇಲಿಲ್ಲ, ಕೆಳಗಿಲ್ಲ, ಹೇಗಿಟ್ಟರೂ ಇರುತ್ತದೆ. ಕಲ್ಲೆಂದರೆ ಕಲ್ಲು ಎಂದೇ ಅವನು ತಿಳಿದದ್ದು. ಬಾಬಣ್ಣನ ಗೀಟು ಅವನಿಗೆ ದೃಷ್ಟಿಬೊಟ್ಟಿನಂಥ ಒಂದು ಶಾಸ್ತ್ರವಾಗಿ ಕಂಡಿತು. ಆದರೆ ಗುಡ್ಡದಲ್ಲಿ ಇಬ್ಬರೇ ಬುತ್ತಿ ಬಿಚ್ಚಿ ಕೂತು, ಬಾಬಣ್ಣಾರ, ನೀವು, ಬರ್ರಿ, ಹೋಗ್ರಿ ಎಂದು ಮಾತಾಡುತ್ತಿದ್ದ ದಿನಗಳಲ್ಲಿ ಅದನ್ನು ಗಟ್ಟಿಯಾಗಿ ಅಂದಿರಲಿಲ್ಲ.

ಅಂದದ್ದು ಕಲ್ಲು ನಿಲ್ಲಿಸುವ ದಿನ. ಕ್ರೇನು ಬಂದಿತ್ತು, ಅಧಿಕಾರಿಗಳು ಬಂದಿದ್ದರು, ಪೇಪರಿನ ಒಬ್ಬ ಫೋಟೋದವನೂ ಇದ್ದ. ಬಾಬಣ್ಣ ಎಲ್ಲರೆದುರು ಹತ್ತಿರ ಬಂದು, ಇನ್ನೊಮ್ಮೆ ವಿಚಾರ ಮಾಡಿರಿ, ಇದನ್ನು ಮಲಗಿಸಿದರೂ ಚಂದವೇ ಕಾಣುತ್ತದೆ ಎಂದ. ಅಧಿಕಾರಿಯೊಬ್ಬರು ಕುತೂಹಲದಿಂದ, ಹೌದೇನು ಎಂದು ಶ್ರೀಧರನ ಕಡೆ ತಿರುಗಿದರು. ಆ ‘ಹೌದೇನು’ ಅವನಿಗೆ ಚುಚ್ಚಿತು. ಇಳಕಲ್ಲಿನ ಮಗ್ಗದ ಮನೆಯ ಹುಡುಗ, ಬಣ್ಣದ ಪೆಟ್ಟಿಗೆ ಹಿಡಿದು ಇಷ್ಟು ದೂರ ಬಂದು, ಕೊನೆಗೆ ಒಬ್ಬ ಕಲ್ಲು ಒಡೆಯುವವನಿಂದ ಪಾಠ ಹೇಳಿಸಿಕೊಳ್ಳಬೇಕೆ? “ನೀ ಕಲ್ಲ ಒಡ್ಯಾಂವ, ಬಾಬಣ್ಣ. ಇದು ಗ್ವಾಡಿ ಅಲ್ಲ. ಹೇಳಿದಷ್ಟ ಮಾಡು” ಎಂದ. ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಕೇಳಿಸಿತು. ಬಾಬಣ್ಣ ಕ್ರೇನಿನ ಕಡೆ ಹೋದ. ಹಗ್ಗ ಹಾಕಿಸಿದ, ಬುಡಕ್ಕೆ ಗ್ರಾನೈಟಿನ ಪೀಠ ಕಟ್ಟಿಸಿದ, ಗುಂಡು ಕಟ್ಟಿದ ಸೂತ್ರ ಹಿಡಿದು ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸಿದ. ಅಷ್ಟು ನೇರವಾಗಿ ಬೇರೆ ಯಾರಿಂದಲೂ ನಿಲ್ಲಿಸಲಾಗುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾವಿಯ ಗೀಟನ್ನು ಮಾತ್ರ ಶ್ರೀಧರ ತಾನೇ ಒದ್ದೆ ಅರಿವೆ ತಂದು ಒರೆಸಿದ್ದ, ಫೋಟೋದಲ್ಲಿ ಬರಬಾರದೆಂದು.

ನಿಲ್ಲಿಸಲೇಬೇಕೆಂಬ ಹಟ ಯಾಕೆ ಬಂತು ಎಂದು ಕೇಳಿಕೊಂಡರೆ ಉತ್ತರ ಅವನ ಬಳಿ ಸಿದ್ಧವಿತ್ತು, ಉದ್ಘಾಟನೆಯಲ್ಲಿ ಭಾಷಣವನ್ನೂ ಮಾಡಿದ್ದ. ಆ ಗೆರೆಗಳು ಮಗ್ಗಕ್ಕೆ ಹೂಡಿದ ಎಳೆಗಳು. ನೆಲದಿಂದ ಮುಗಿಲಿಗೆ ಬಿಗಿದ ನೂಲು. ಒಂದು ಊರಿನಿಂದ ಕಿತ್ತ ಬದುಕನ್ನು ಇನ್ನೊಂದು ಊರಿನಲ್ಲಿ ನೆಯ್ಯುವುದು. ಚಪ್ಪಾಳೆ ಬಿದ್ದಿತ್ತು. ಅವ್ವ ಚಂದ್ರವ್ವ ಇಳಕಲ್ಲಿನಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಲವತ್ತು ವರ್ಷ ಸೀರೆಯ ಮೈಗೆ ಸೆರಗು ಕೂಡಿಸಿದ ಕೈ ಅವಳದು, ಒಂದೊಂದು ಕುಣಿಕೆಗೆ ಒಂದೊಂದು ಕೊಂಡಿ. ಮಂದಿ ಕರಗಿದ ಮೇಲೆ ಎದ್ದು ಬಂದು ಕಲ್ಲಿನ ಗೆರೆಗಳ ಮೇಲೆ ಬೆರಳಾಡಿಸಿದಳು. “ಚಂದ ಐತೋ ತಮ್ಮಾ. ಖರೆ ಮಗ್ಗದಾಗ ಎಳಿ ಹಿಂಗ ಎಲ್ಲಿ ನಿಂದರ್ತಾವು? ಮಲಗಿರ್ತಾವಲ್ಲ” ಎಂದಳು. ಅವನು ನಕ್ಕು, ಇದು ಮಗ್ಗ ಅಲ್ಲ ಅವ್ವ, ಮಗ್ಗದ ಭಾವ ಎಂದಿದ್ದ. ಹತ್ತನೆಯ ವಯಸ್ಸಿಗೆ ನೇಕಾರರು ಕೂರುವ ಮಗ್ಗದ ಕುಣಿಯಿಂದ ಎದ್ದು ಹೋದವನಿಗೆ, ಎಳೆಗಳು ನೆಲಕ್ಕೆ ಸಮನಾಗಿ ಮಲಗಿರುತ್ತವೆಂಬುದೇ ಮರೆತುಹೋಗಿತ್ತು. ಅವನು ಮರೆತದ್ದನ್ನು ಅವ್ವ ಯಾರೆದುರೂ ಹೇಳಲಿಲ್ಲ. ಮನೆಗೆ ಬಂದು ಎಲ್ಲರಿಗೂ ಹೋಳಿಗೆ ಮಾಡಿ ಬಡಿಸಿದಳು.

ಪರೀಕ್ಷೆ ಮುಗಿಯುವ ಹೊತ್ತಿಗೆ ಹೆಡ್ಮಾಸ್ತರರು ಕರೆದು, ಕಚೇರಿಯಿಂದ ಫೋನು ಬಂದಿತ್ತು ಎಂದರು. ನಾಲ್ಕು ಗಂಟೆಗೆ ಶಿರೀಷ ಸರ್ಕಲ್ಲಿಗೆ ಬರುತ್ತಾನಂತೆ, ಬಾಬಣ್ಣನನ್ನೂ ಕಾಗದ ಹಾಕಿ ಕರೆಸಿದ್ದಾರಂತೆ, ಶ್ರೀಧರನೂ ಇರಬೇಕಂತೆ. ನಿಮ್ಮದೇನೂ ತಪ್ಪಿಲ್ಲವಲ್ಲ, ಹೋಗಿ ಬನ್ನಿ ಎಂದು ಹೆಡ್ಮಾಸ್ತರರು ಧೈರ್ಯ ಬೇರೆ ಹೇಳಿದರು. ಅವನು ಅರ್ಧ ದಿನದ ರಜೆ ಬರೆದಿಟ್ಟು ನೇರ ಬಸ್ ಸ್ಟ್ಯಾಂಡಿಗೆ ಹೋದ. ಯಾಕೆ ಹೋಗುತ್ತಿದ್ದೇನೆಂದು ಗೊತ್ತಿರಲಿಲ್ಲ. ಬಾಬಣ್ಣನ ಕಾಲು ಹಿಡಿಯಲೋ, ಅವನ ಬಾಯಿಯಿಂದ ತನ್ನ ತಪ್ಪು ಹೊರಬೀಳದ ಹಾಗೆ ನೋಡಿಕೊಳ್ಳಲೋ? ಎರಡೂ ಆಸೆ ಒಂದೇ ಕಾಲಿನಲ್ಲಿ ನಡೆಯುತ್ತಿದ್ದವು. ದಾರಿಯಲ್ಲಿ ಹತ್ತು ಸಲ ಮಾತು ಜೋಡಿಸಿದ, ಹತ್ತು ಸಲವೂ ಅದು ಪತ್ರದ ಭಾಷೆಗೇ ಹೋಗಿ ಬಿತ್ತು.

ಎರಡೂವರೆಯ ಬಾದಾಮಿ ಬಸ್ಸಿನಿಂದ ಬಾಬಣ್ಣ ಇಳಿದ. ಹೆಗಲಲ್ಲಿ ಉಳಿ ಸುತ್ತಿಗೆಯ ಚೀಲ, ಒಗೆದ ಬಿಳಿ ಅಂಗಿ. ಕಚೇರಿಯವರು ಕರೆದಿದ್ದಾರೆಂದು ಹಾಕಿಕೊಂಡದ್ದಿರಬೇಕು. ಶ್ರೀಧರನನ್ನು ನೋಡಿ ಕೈ ಮುಗಿದ. ಆ ಮುಗಿದ ಕೈಯನ್ನು ನೋಡಲಾಗದೆ ಶ್ರೀಧರ ಅವನನ್ನು ಚಹದ ಅಂಗಡಿಗೆ ಕರೆದೊಯ್ದ. ಬಿಸಿಲು, ಬಸ್ಸಿನ ರಷ್ಷು, ಬಾಬಣ್ಣನ ಮಗಳು ಪ್ರೀತಿಯ ಪಿಯುಸಿ ಪರೀಕ್ಷೆ ಎಲ್ಲ ಮಾತಾದವು. ಆಮೇಲೆ ಬಾಬಣ್ಣ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಟೇಬಲ್ಲಿನ ಮೇಲೆ ಬಿಚ್ಚಿಟ್ಟ. ಒಂದು ಕಡೆ ಬೆರಳಿಟ್ಟು, “ಕುಶಲತೆಯ ಕೊರತೆ ಅಂದ್ರ ಏನ್ರಿ ಸರ?” ಎಂದ. ಶ್ರೀಧರ ಚಹದ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟ. ಕೆಲಸ ಸರಿಯಾಗಿಲ್ಲ ಎಂದು ಅರ್ಥ ಎಂದ. ಯಾರು ಹಾಗೆ ಅಂದವರು ಎಂದು ಬಾಬಣ್ಣ ಕೇಳಿದ. ಕಚೇರಿಯವರು ಏನೇನೋ ಬರೆಯುತ್ತಾರೆ ಎಂದ ಶ್ರೀಧರ. ಹೇಳಿದ ಕೂಡಲೇ ಅವನಿಗೆ ಗೊತ್ತಾಯಿತು, ಬಾಬಣ್ಣ ಅರ್ಥ ಕೇಳಲು ಕಾಗದ ಬಿಚ್ಚಿರಲಿಲ್ಲ. ಅವನು ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚುತ್ತ, ಮೆಲ್ಲಗೆ, ‘ಶಿಲ್ಪಿಗಳ ವರದಿಯ ಮೇರೆಗೆ’ ಅಂತ ಮೇಲೆ ಬರೆದಿದೆಯಂತೆ, ಮಗಳು ಓದಿ ಹೇಳಿದಳು ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದಿದ್ದರೆ ಶ್ರೀಧರನಿಗೂ ಒಂದು ಆಸರೆ ಸಿಗುತ್ತಿತ್ತು. ಚಹದ ಹಣವನ್ನು ಇಬ್ಬರೂ ಕೊಡಲು ಹೋದರು. ಬಾಬಣ್ಣ ತನ್ನದನ್ನು ತಾನೇ ಕೊಟ್ಟ.

ಸರ್ಕಲ್ಲಿಗೆ ನಡೆದುಕೊಂಡೇ ಹೋದರು, ಬಾಬಣ್ಣ ಮುಂದೆ, ಶ್ರೀಧರ ಹಿಂದೆ. ನಾಲ್ಕಾಗಿರಲಿಲ್ಲ. ನೆರಳು ಮೂಡಣಕ್ಕೆ ಹೊರಳಿತ್ತು. ಬಿರುಕಿನ ಕೆಳಗೆ ಸರಿಯಾಗಿ ಒಂಬತ್ತು ಮಂದಿ ಕೂತಿದ್ದರು; ಶ್ರೀಧರ ಎಣಿಸಿದ. ಅಬೇದಾ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುತ್ತಿದ್ದಳು. ಕೂಸು ಎತ್ತಿಕೊಂಡವಳೊಬ್ಬಳು ಕಲ್ಲಿಗೆ ಬೆನ್ನು ಕೊಟ್ಟು ಒರಗಿದ್ದಳು. ಇವತ್ತು ಪರೀಕ್ಷೆಯಲ್ಲಿ ಆ ಹುಡುಗಿ ಬರೆದ ಚಿತ್ರಕ್ಕೆ ಇವರೇ ಬಂದು ಕೂತಿದ್ದಾರೆ ಅನ್ನಿಸಿತು. ಮೂರು ವಾರ ತಾನು ದಿನಾ ಕಾರ್ಡು ಹಾಕಿ ಅಳೆದದ್ದು ಏನನ್ನು? ಕಲ್ಲು ಇನ್ನೆಷ್ಟು ದಿನ ತನ್ನ ಮಾನ ಕಾಯುತ್ತದೆ ಎಂಬುದನ್ನು. ಕೆಳಗಿನ ತಲೆಗಳನ್ನು ಅವನು ಎಣಿಸಿದ್ದು ಇದೇ ಮೊದಲು. ಈ ವಿಚಾರ ಬಂದದ್ದೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಶಿರೀಷ ಜೀಪಿನಲ್ಲಿ ಬಂದ. ಬಾಬಣ್ಣ ಚೀಲದಿಂದ ಸಣ್ಣ ಸುತ್ತಿಗೆ ತೆಗೆದು, ಕಲ್ಲಿನ ಮೈಗೆ ಮೆಲ್ಲಗೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಸುತ್ತಿದ. ಪಡುವಣ ಮಗ್ಗುಲಿನಲ್ಲಿ ಕಂಚಿನ ದನಿ ಬಂತು. ಮೂಡಣ ಮಗ್ಗುಲಿನಲ್ಲಿ ಒಡೆದ ಗಡಿಗೆಯ ದನಿ. ಅವನು ಸುತ್ತಿಗೆ ಇಳಿಸಿ, ಮೊದಲು ಮಂದಿಯನ್ನು ಎಬ್ಬಿಸಿರಿ ಎಂದ. ಮಂದಿ ಸುಮ್ಮನೆ ಏಳುತ್ತಾರೆಯೇ? ಗೊಣಗಿದರು, ಬಸ್ಸು ಬರಲಿ ಎಂದರು, ಚೀಲ ಹುಡುಕಿದರು. ಶಿರೀಷ ಡ್ರೈವರನನ್ನು ಕರೆದು ಸುತ್ತ ಹಗ್ಗ ಕಟ್ಟಿಸಿದ, ನಾಳೆ ಬೆಳಿಗ್ಗೆಯೇ ಕ್ರೇನಿಗೆ ಹೇಳುತ್ತೇನೆ ಎಂದ. ಆಮೇಲೆ ನೋಟ್‌ಬುಕ್ಕು ತೆಗೆದು, ಕೂಡಿಸಿದ್ದರಲ್ಲಿ ಆದ ತಪ್ಪು ಯಾವುದೆಂದು ಶ್ರೀಧರನನ್ನೇ ಕೇಳಿದ. ಬಾಬಣ್ಣ ಸುತ್ತಿಗೆಯನ್ನು ಅರಿವೆಯಿಂದ ಒರೆಸುತ್ತಿದ್ದ. ಈಗ ಹೇಳಬೇಕು ಎಂದುಕೊಂಡ ಶ್ರೀಧರ. ಕೊನೆಗೆ, ನಿಲ್ಲಿಸುವ ತೀರ್ಮಾನದಲ್ಲಿ ತನ್ನದೂ ಸ್ವಲ್ಪ ಪಾಲಿದೆ ಎಂದ. ಶಿರೀಷ ಅದನ್ನು ಬರೆದುಕೊಂಡ. ಶ್ರೀಧರನಿಗೆ ಒಂದು ಕ್ಷಣ ಹಗುರಾಯಿತು. ಇಷ್ಟೇ ಸಾಕಲ್ಲವೆ, ಪಾಪವನ್ನು ಇಬ್ಬರೂ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ ಎಂದು ಅವನ ಮನಸ್ಸು ಆಗಲೇ ಅವನಿಗೆ ಸಮಾಧಾನ ಹೇಳತೊಡಗಿತ್ತು.

ಅಬೇದಾ ಹಗ್ಗದ ಆಚೆ ಬಿಸಿಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿ ಇನ್ನೂ ಸೊಂಟದ ಮೇಲಿತ್ತು. “ಮಾಸ್ತರ, ನೀವು ದಿನಾ ಮುಂಜಾನೆ ಅದರಾಗ ಕಾರ್ಡ ಹಾಕಿ ನೋಡೂದು ನಾ ನೋಡೇನ್ರಿ. ಏನೋ ನಿಮ್ಮ ವಿದ್ಯಾ ಇರಬೇಕಂತ ಸುಮ್ನಿದ್ದೆ. ಬೀಳೂದ ನೋಡಾಕತ್ತಿದ್ರೇನ್ರಿ? ನನಗ ಒಂದ ಮಾತು ಹೇಳಬಾರದಿತ್ತ?” ಎಂದಳು. ಬೈಗುಳವಾಗಿರಲಿಲ್ಲ ಅದು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಶಿರೀಷ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಕೂಸಿನವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಶ್ರೀಧರನನ್ನೇ ನೋಡಿದಳು. ಅವನಿಗೆ ಅಡಗಲು ನೆರಳೂ ಇರಲಿಲ್ಲ. ಸ್ವಲ್ಪ ಅಲ್ಲ, ಎಲ್ಲವೂ ತನ್ನದೇ ಎಂದ. ಬಾಬಣ್ಣ ಬೇಡವೆಂದಿದ್ದ, ಎಲ್ಲರ ಮುಂದೆ ಹೇಳಿದ್ದ, ತಾನು ಬಾಯಿ ಮುಚ್ಚಿಸಿ ನಿಲ್ಲಿಸಿದೆ, ಪತ್ರದಲ್ಲಿ ಬರೆದದ್ದು ಸುಳ್ಳು ಎಂದ. ದನಿ ತನ್ನದಲ್ಲವೆಂಬಷ್ಟು ಸಣ್ಣದಾಗಿ ಬಂತು. ಶಿರೀಷನ ಮುಖ ಕೆಂಪಾಯಿತು, ತಾನೇ ತಪ್ಪು ಮಾಡಿದವನ ಹಾಗೆ. ಫೈಲು ಮೇಲಕ್ಕೆ ಹೋಗಿಬಿಟ್ಟಿದೆ, ಬಾಬಣ್ಣನ ಹೆಸರು ಅದರಲ್ಲಿ ಸೇರಿದೆ, ಈಗ ಇನ್ನೊಂದು ಬರೆದುಕೊಡಿ, ನೋಡೋಣ ಎಂದ. ಇವತ್ತೇ ಬರೆದುಕೊಡುತ್ತೇನೆ ಎಂದು ಶ್ರೀಧರ ಬಾಬಣ್ಣನ ಕಡೆ ತಿರುಗಿದ. ಅವನ ಮುಖದಲ್ಲಿ ಏನಾದರೂ ಸಡಿಲಾದೀತೆಂದು ಹುಡುಕಿದ.

ಬಾಬಣ್ಣ ಸುತ್ತಿಗೆಯನ್ನು ಚೀಲದೊಳಗೆ ಹಾಕಿ ಬಾಯಿ ಬಿಗಿದ. “ಫೈಲ ಅವರ ಕಡೆನ ಇರ್ಲಿರಿ ಸರ. ನಮ್ಮೂರಾಗ ಯಾರೂ ಫೈಲ ಓದಂಗಿಲ್ಲ” ಎಂದ. “ಬರೂ ಶುಕ್ರವಾರ ಬೋರವ್ವನ ಮನಿ ಹೊಸ್ತಿಲಾ ಕೂಡಸೂದೈತಿ. ಕಾಗದ ಬಂದ ಸುದ್ದಿ ಹಬ್ಬಿ, ಆಕಿ ಬ್ಯಾರೇದಾಂವಗ ಹೇಳ್ಯಾಳ. ಕೂಡಿಸಿದ ಕಲ್ಲು ಬಿತ್ತಂತ ಅನಿಸಿಕೊಂಡಾವನ ಕೈಲೆ ಹೊಸ್ತಿಲಾ ಯಾರು ಕೂಡಿಸ್ತಾರ್ರಿ? ಆಕಿ ಅಂಗಳಕ್ಕ ಬಂದು ಇದ ಮಾತು ಹೇಳ್ತೀರೇನು?” ಇಷ್ಟು ಹೇಳಿ ಶಿರೀಷನಿಗೆ ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ. ಶ್ರೀಧರ ಆ ಬಿಳಿ ಅಂಗಿ ಚಿಕ್ಕದಾಗುವುದನ್ನು ನೋಡುತ್ತ ನಿಂತ. ಕಾಗದದ ಮೇಲೆ ಬರೆದುಕೊಡುವುದು ಸುಲಭ. ಎಂಥ ಕ್ಷಮೆಯ ಪತ್ರವನ್ನಾದರೂ ಅವನು ಚೆಂದವಾಗಿ ಬರೆದಾನು. ಹಳ್ಳಿಯ ಒಂದು ಅಂಗಳ, ನೆರೆದ ಹೆಂಗಸರು ಗಂಡಸರು, ಕಲ್ಲಿನ ಕೆಲಸದವರ ಗುಂಪು, ಅವರ ನಡುವೆ ಇಸ್ತ್ರಿ ಅಂಗಿಯ ತಾನು. ನಾಳೆ ಹೋದರಾಯಿತು, ಬನಶಂಕರಿಗೆ ಹೇಳಿ ಹೋಗಬೇಕು, ಉತ್ತರಪತ್ರಿಕೆ ತಿದ್ದುವುದಿದೆ, ಶುಕ್ರವಾರಕ್ಕೆ ಇನ್ನೂ ಮೂರು ದಿನವಿದೆಯಲ್ಲ ಎಂದು ನೆಪಗಳು ಒಂದರ ಹಿಂದೊಂದು ಬಂದು ನಿಂತವು. ನಾಳೆ ಎಂದರೆ ತಾನು ಹೋಗುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಕಾಲುಗಳು ಓಡತೊಡಗಿದಾಗ ಅವನಿಗೇ ಹೆದರಿಕೆಯಾಯಿತು.

ಬಾದಾಮಿ ಬಸ್ಸು ಹೊರಟು ಗೇಟು ದಾಟುತ್ತಿತ್ತು. ಫುಟ್‌ಬೋರ್ಡು ಹಿಡಿದು ಹತ್ತಿದವನನ್ನು ಕಂಡಕ್ಟರು ಬೈದ. ಬಾಬಣ್ಣ ನಡುವಿನ ಒಂದು ಸೀಟಿನಲ್ಲಿ ಕಿಟಕಿಗೆ ಕೂತಿದ್ದ. ಪಕ್ಕದ ಜಾಗದಲ್ಲಿ ಉಳಿಯ ಚೀಲ. ಶ್ರೀಧರ ಹತ್ತಿರ ಹೋಗಿ ಕಂಬಿ ಹಿಡಿದು ನಿಂತ. ಬಾಬಣ್ಣ ಅವನನ್ನು ನೋಡಿದ, ಚೀಲ ಸರಿಸಲಿಲ್ಲ, ಮತ್ತೆ ಕಿಟಕಿಗೆ ಮುಖ ಹಾಕಿದ. ಬಸ್ಸು ಗುಳೇದಗುಡ್ಡದ ಹಾದಿ ಹಿಡಿದು ಊರು ಹಿಂದೆ ಬಿದ್ದಾಗ, ಮುಂದಿನ ಸೀಟಿನ ಹೆಂಗಸೊಬ್ಬಳು ಹೊರಳಿ ಕೂತಳು. ಬಾಬಣ್ಣನ ಊರಿನ ಇಂದ್ರವ್ವನಂತೆ. ಊರಿಗೇನ್ ಇಂದ್ರವ್ವ ಎಂದು ಬಾಬಣ್ಣ ಅವಳನ್ನು ಮಾತಾಡಿಸಿದ್ದರಿಂದ ತಿಳಿಯಿತು. ಬಾಗಲಕೋಟೆಯಲ್ಲಿ ನಿನ್ನ ಕಲ್ಲು ಬಿದ್ದು ಯಾರಿಗೋ ಪೆಟ್ಟಾಯಿತಂತಲ್ಲ, ಖರೆಯೇನು ಎಂದು ಬಸ್ಸಿಗೆಲ್ಲ ಕೇಳುವಂತೆ ಕೇಳಿದಳು. ಸುತ್ತಲಿನ ನಾಲ್ಕಾರು ತಲೆ ತಿರುಗಿದವು. ಬಾಬಣ್ಣನ ಕತ್ತು ಒಂದಿಷ್ಟು ಬಗ್ಗಿತು.

“ಬಿದ್ದಿಲ್ರಿ ಅವ್ವಾರ” ಎಂದ ಶ್ರೀಧರ. ಇಂದ್ರವ್ವ ಅವನ ಕಡೆ ನೋಡಿದಳು. “ಆ ಕಲ್ಲು ನಿಂದ್ರಸಬ್ಯಾಡ್ರಿ ಅಂತ ಇವರು ಹೇಳಿದ್ರು. ನಾ ಕೇಳಲಿಲ್ಲ. ನಾನ ನಿಂದ್ರಿಸಿದ್ದು. ಮ್ಯಾಲ ಇವರ ಕೈ ಸರಿ ಇಲ್ಲಂತ ಸುಳ್ಳ ಬರದ ಕೊಟ್ಟೆ.”

ಇಂದ್ರವ್ವ ಅವನ ಇಸ್ತ್ರಿ ಅಂಗಿಯನ್ನು, ಜೇಬಿನ ಪೆನ್ನನ್ನು, ಕಂಬಿ ಹಿಡಿದ ಕೈಯನ್ನು ನಿಧಾನವಾಗಿ ನೋಡಿದಳು. ಕಲಿತವರ ಹಾಗೆ ಕಾಣುತ್ತೀರಿ, ಇಷ್ಟು ದಿನ ಇದನ್ನು ಹೇಳುವುದಕ್ಕೆ ನಿಮಗೆ ಏನಾಗಿತ್ತು ಎಂದಳು.

ಭಾಷಣದಲ್ಲಿ, ಪತ್ರದಲ್ಲಿ, ಹದಿನೆಂಟು ವರ್ಷದ ಪಾಠಗಳಲ್ಲಿ ಕೂಡಿಟ್ಟ ಮಾತುಗಳಲ್ಲಿ ಒಂದೂ ಅದಕ್ಕೆ ಹೊಂದಲಿಲ್ಲ.

“ನಾಚಿಕಿ ಬಂತ್ರಿ” ಎಂದ.

ಇಂದ್ರವ್ವ ನಗಲಿಲ್ಲ. ಶುಕ್ರವಾರ ಮುಂಜಾನೆ ಏಳಕ್ಕೇ ಹೊಸ್ತಿಲು ಕೂಡಿಸುತ್ತಾರೆ, ಅದಕ್ಕೂ ಮುಂಚೆ ಬೋರವ್ವನಿಗೆ ಈ ಮಾತು ಮುಟ್ಟಬೇಕು, ಇವತ್ತೇ ಬರುವುದಾದರೆ ಬನ್ನಿ ಎಂದು ಹೇಳಿ ಮುಂದಕ್ಕೆ ತಿರುಗಿ ಕೂತಳು. ಬಾಬಣ್ಣ ಕಿಟಕಿಯಿಂದ ಮುಖ ತಿರುಗಿಸಿ ಶ್ರೀಧರನನ್ನು ಒಮ್ಮೆ ನೋಡಿದ. ಆ ನೋಟದಲ್ಲಿ ಕ್ಷಮೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಪಕ್ಕದ ಸೀಟಿನ ಮೇಲಿನ ಚೀಲ ಅಲ್ಲೇ ಇತ್ತು. ಬಾದಾಮಿಗೆ ಇನ್ನೂ ಒಂದು ತಾಸಿನ ಹಾದಿ. ಶ್ರೀಧರ ಕಂಬಿಯ ಮೇಲೆ ಕೈ ಬದಲಿಸಿ ಹಾಗೆಯೇ ನಿಂತಿದ್ದ.